ಅಳತೆಯಿಂದ ಆರಂಭವಾಗಬೇಕಾದ ಪಯಣ: ದೊಡ್ಡ ಮೋಟರ್‌ಹೋಮ್ ಮತ್ತು ಅಮೆರಿಕದ ರಾಷ್ಟ್ರೀಯ ಉದ್ಯಾನಗಳು

ಮಲಗುವ ಕೋಣೆ, ಅಡುಗೆಮನೆ, ಶೌಚಾಲಯ, ಸ್ನಾನದ ಮನೆ ಇಷ್ಟನ್ನೂ ಒಂದೇ ಚಾಸಿಯ ಮೇಲೆ ಹೊತ್ತು ತನ್ನದೇ ಎಂಜಿನ್ನಿನ ಬಲದಿಂದ ಓಡುವ ವಾಹನಕ್ಕೆ ಅಮೆರಿಕದಲ್ಲಿ ಮೋಟರ್‌ಹೋಮ್ ಎನ್ನುತ್ತಾರೆ. ಆರ್‌ವಿ ಎಂಬ ಬಳಕೆಯ ಹೆಸರು ಇದಕ್ಕೂ, ಪಿಕಪ್ ಟ್ರಕ್ಕಿನ ಹಿಂದೆ ಎಳೆದೊಯ್ಯುವ ಟ್ರೇಲರ್ ಮನೆಗೂ ಒಟ್ಟಾಗಿ ಸಲ್ಲುತ್ತದೆ. ಮೋಟರ್‌ಹೋಮ್‌ಗಳಲ್ಲಿ ಮೂರು ವರ್ಗಗಳಿವೆ: ವ್ಯಾನನ್ನೇ ಮಾರ್ಪಡಿಸಿದ್ದು ಕ್ಲಾಸ್ ಬಿ, ಚಾಲಕನ ನೆತ್ತಿಯ ಮೇಲೆ ಮಲಗುವ ಅಟ್ಟವೊಂದು ಚಾಚಿಕೊಂಡಿರುವ ಮಧ್ಯಮ ಗಾತ್ರದ್ದು ಕ್ಲಾಸ್ ಸಿ, ಬಸ್ಸಿನಂತೆ ಚಪ್ಪಟೆ ಮುಖವಿದ್ದು 45 ಅಡಿಯವರೆಗೂ ಉದ್ದವಿರಬಲ್ಲದ್ದು ಕ್ಲಾಸ್ ಎ. ಈ ಮೂರನೆಯ ವರ್ಗದ ವಾಹನದಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಹೊರಡುವವರು ಸಾಮಾನ್ಯವಾಗಿ ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಮೊದಲು ಮಾಡಿ, ವಾಹನದ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಆದರೆ ವಾಹನದ ಉದ್ದ, ಎತ್ತರ, ಅಗಲಗಳೇ ಇಡೀ ಪಯಣದ ಮೊದಲ ಸಂಗತಿಗಳಾಗಿದ್ದು, ಯಾವ ರಸ್ತೆ, ಯಾವ ತಂಗುದಾಣ, ಎಷ್ಟು ದಿನ ಎಂಬ ಉಳಿದ ನಿರ್ಧಾರಗಳೆಲ್ಲ ಅವುಗಳಿಂದಲೇ ಹುಟ್ಟಬೇಕಾಗುತ್ತದೆ.

ಇದಕ್ಕೆ ಕಾರಣ ಉದ್ಯಾನಗಳ ಚರಿತ್ರೆಯಲ್ಲಿದೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾದದ್ದು 1872ರಲ್ಲಿ. ಅಲ್ಲಿಗೆ ಮೋಟಾರು ಕಾರುಗಳಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1915ರ ಆಗಸ್ಟ್‌ನಲ್ಲಿ. ಮರುವರ್ಷ, 1916ರಲ್ಲಿ, ಉದ್ಯಾನಗಳ ಆಡಳಿತಕ್ಕೆಂದೇ ನ್ಯಾಷನಲ್ ಪಾರ್ಕ್ ಸರ್ವಿಸ್ ಎಂಬ ಇಲಾಖೆ ಸ್ಥಾಪನೆಯಾಯಿತು. ಅದರ ಮೊದಲ ನಿರ್ದೇಶಕ ಸ್ಟೀಫನ್ ಮ್ಯಾದರ್ ಕಾರುಗಳನ್ನು ಸ್ವಾಗತಿಸಿದರೂ, ರಸ್ತೆಗಳು ಬೆಟ್ಟದ ಮೈಯನ್ನು ಆದಷ್ಟು ಕಡಿಮೆ ಗಾಯಗೊಳಿಸಬೇಕೆಂಬ ನಿಲುವು ತಳೆದಿದ್ದರು. ಮೊಂಟಾನಾದ ಗ್ಲೇಸಿಯರ್ ಉದ್ಯಾನದಲ್ಲಿ ಗೋಯಿಂಗ್ ಟು ದ ಸನ್ ರಸ್ತೆಯನ್ನು ಯೋಜಿಸುವಾಗ ಹದಿನೈದು ಹಿಮ್ಮುರಿ ತಿರುವುಗಳ ನಕ್ಷೆಯೊಂದು ಅವರ ಮುಂದಿತ್ತು. ಅದು ಕಣಿವೆಯ ನೋಟವನ್ನೇ ಕೆಡಿಸುತ್ತದೆಂದು ವಾದಿಸಿದ ಭೂದೃಶ್ಯ ವಿನ್ಯಾಸಕಾರ ಥಾಮಸ್ ವಿಂಟ್, ಒಂದೇ ತಿರುವಿನಲ್ಲಿ ಬಂಡೆಯ ಗೋಡೆಯನ್ನು ಕೊರೆದು ಮೇಲೇರುವ ಇನ್ನೊಂದು ದಾರಿಯನ್ನು ಸೂಚಿಸಿದರು. ಮ್ಯಾದರ್ ಒಪ್ಪಿದ್ದು ವಿಂಟ್ ಅವರ ದಾರಿಯನ್ನು. 1933ರಲ್ಲಿ ಉದ್ಘಾಟನೆಗೊಂಡ ಆ ರಸ್ತೆ ಒಂದು ಕಡೆ ಚಾಚಿದ ಬಂಡೆ, ಇನ್ನೊಂದು ಕಡೆ ಕಲ್ಲಿನ ಮೋಟುಗೋಡೆ, ಅದರಾಚೆ ಪ್ರಪಾತ ಎಂಬ ಇಕ್ಕಟ್ಟಿನಲ್ಲಿ ಸಾಗುತ್ತದೆ, ಮತ್ತು ಅದರ ಚೆಲುವು ಇರುವುದೂ ಆ ಇಕ್ಕಟ್ಟಿನಲ್ಲಿಯೇ.

ತಂಗುದಾಣಗಳ ವಿಚಾರವೂ ಹೀಗೆಯೇ. ಕಾರುಗಳು ಎಲ್ಲೆಂದರಲ್ಲಿ ನಿಂತು ಮಣ್ಣು ಗಟ್ಟಿಯಾದರೆ ಮರದ ಬೇರುಗಳು ಉಸಿರುಗಟ್ಟಿ ಸಾಯುತ್ತವೆಂಬುದನ್ನು ಸಸ್ಯರೋಗ ವಿಜ್ಞಾನಿ ಎಮಿಲಿಯೊ ಮೈನೆಕೆ ಕ್ಯಾಲಿಫೋರ್ನಿಯಾದ ಕಾಡುಗಳಲ್ಲಿ ಗಮನಿಸಿದ್ದರು. ಏಕಮುಖ ಸಂಚಾರದ ಬಳಸುದಾರಿ, ಅದರಿಂದ ಓರೆಯಾಗಿ ಒಳಸರಿದ ಪುಟ್ಟ ನಿಲುಗಡೆ, ಕಾರು ಅತ್ತಿತ್ತ ಸರಿಯದಂತೆ ಅಂಚಿಗೆ ನೆಟ್ಟ ಬಂಡೆ, ಪಕ್ಕದಲ್ಲಿ ಮೇಜು ಮತ್ತು ಒಲೆ ಎಂಬ ವಿನ್ಯಾಸವನ್ನು ಅವರು 1930ರ ದಶಕದ ಆರಂಭದಲ್ಲಿ ರೂಪಿಸಿದರು. ಅಮೆರಿಕದ ಕ್ಯಾಂಪ್‌ಗ್ರೌಂಡುಗಳು, ಎಂದರೆ ಡೇರೆ ಹೂಡಲು ಅಥವಾ ವಾಹನ ನಿಲ್ಲಿಸಿ ರಾತ್ರಿ ಕಳೆಯಲು ಗುರುತಿಸಿಟ್ಟ ಬಯಲುಗಳು, ಇಂದಿಗೂ ಬಹುಮಟ್ಟಿಗೆ ಈ ಮಾದರಿಯಲ್ಲಿವೆ. ಆ ನಿಲುಗಡೆಯ ಅಳತೆ ಅಂದಿನ ಕಾರಿನದು. ಮರಗಳು ಮಾತ್ರ ಅಂದಿಗಿಂತ ದಪ್ಪವಾಗಿವೆ. ಆದ್ದರಿಂದ ದೊಡ್ಡ ವಾಹನಕ್ಕೆ ಜಾಗ ಸಿಗದಿರುವುದನ್ನು ಆಡಳಿತದ ಉದಾಸೀನವೆಂದು ತಿಳಿಯುವುದು ಸರಿಯಲ್ಲ. ಮರವನ್ನು ಉಳಿಸಿಕೊಳ್ಳಲು ಬುದ್ಧಿಪೂರ್ವಕವಾಗಿ ಹಾಕಿಕೊಂಡ ಮಿತಿ ಅದು, ಮತ್ತು ಗೌರವಕ್ಕೆ ಅರ್ಹವಾದದ್ದು.

ರಸ್ತೆಗಳಲ್ಲಿಯೂ ಇಂಥ ಮಿತಿ ಕಟ್ಟುನಿಟ್ಟಾಗಿ ಎದುರಾಗುತ್ತದೆ, ಯೂಟಾ ರಾಜ್ಯದ ಜಯಾನ್ ಉದ್ಯಾನ ಅದಕ್ಕೊಂದು ಉದಾಹರಣೆ. ಅಲ್ಲಿನ ಜಯಾನ್–ಮೌಂಟ್ ಕಾರ್ಮೆಲ್ ಹೆದ್ದಾರಿಯ ಸುರಂಗ 1930ರಲ್ಲಿ ಪೂರ್ಣಗೊಂಡಿತು. ಮರಳುಗಲ್ಲಿನ ಬೆಟ್ಟದೊಳಗೆ ಸುಮಾರು 1.1 ಮೈಲಿ ಸಾಗುವ ಇದರ ಚಾವಣಿ ಕಮಾನಿನ ಆಕಾರದಲ್ಲಿದೆ. ಕಮಾನು ನಡುವೆ ಎತ್ತರ, ಪಕ್ಕಗಳಲ್ಲಿ ತಗ್ಗು. ಆದ್ದರಿಂದ ಎತ್ತರದ ವಾಹನ ತನ್ನ ಪಥದಲ್ಲೇ ಸಾಗಿದರೆ ಅದರ ಮೇಲಂಚು ಬಂಡೆಗೆ ತಾಗುತ್ತದೆ, ತಾಗದಂತೆ ಸಾಗಬೇಕಾದರೆ ರಸ್ತೆಯ ನಡುಮಧ್ಯಕ್ಕೆ ಬರಬೇಕಾಗುತ್ತದೆ. ಎದುರಿನಿಂದ ಬರುವ ವಾಹನಗಳನ್ನು ರೇಂಜರುಗಳು, ಎಂದರೆ ಉದ್ಯಾನದ ರಕ್ಷಕ ಸಿಬ್ಬಂದಿ, ತಡೆದು ನಿಲ್ಲಿಸಿ, 15 ಡಾಲರ್ ಶುಲ್ಕ ಪಡೆದು ದೊಡ್ಡ ವಾಹನಗಳನ್ನು ಒಂಟಿಯಾಗಿ ದಾಟಿಸುವ ವ್ಯವಸ್ಥೆ ಬಹುಕಾಲ ನಡೆದುಬಂತು. ಈಗ ಅದಕ್ಕೂ ತೆರೆ ಬಿದ್ದಿದೆ: 2026ರ ಜೂನ್ 7ರಿಂದ ಜಾರಿಯಾಗುವಂತೆ, 11 ಅಡಿ 4 ಅಂಗುಲಕ್ಕಿಂತ ಎತ್ತರದ, 7 ಅಡಿ 10 ಅಂಗುಲಕ್ಕಿಂತ ಅಗಲದ, 35 ಅಡಿ 9 ಅಂಗುಲಕ್ಕಿಂತ ಉದ್ದದ ಅಥವಾ 50,000 ಪೌಂಡ್‌ಗಿಂತ ಭಾರದ ವಾಹನಗಳನ್ನು ಈ ಹೆದ್ದಾರಿಯಿಂದ ಹೊರಗಿಡುವ ನಿಯಮವನ್ನು ಉದ್ಯಾನ ಪ್ರಕಟಿಸಿದೆ. ಕ್ಲಾಸ್ ಎ ವಾಹನಗಳ ಎತ್ತರ ಸಾಮಾನ್ಯವಾಗಿ 12 ಅಡಿಯ ಆಸುಪಾಸಿನಲ್ಲಿ ಅಥವಾ ಅದಕ್ಕೂ ಹೆಚ್ಚು, ಅಗಲ 8 ಅಡಿ ಅಥವಾ ಹೆಚ್ಚು ಇರುವುದರಿಂದ ಆ ವರ್ಗದ ವಾಹನಗಳಿಗೆ ಈ ದಾರಿ ಮುಚ್ಚಿದಂತೆಯೇ ಸರಿ. ನಕ್ಷೆಯಲ್ಲಿ ನೆರೆಹೊರೆಯಂತೆ ಕಾಣುವ ಬ್ರೈಸ್ ಕ್ಯಾನ್ಯನ್ ಮತ್ತು ಜಯಾನ್ ಉದ್ಯಾನಗಳನ್ನು ಒಂದೇ ದಿನದ ದಾರಿಯಲ್ಲಿ ಜೋಡಿಸಿಕೊಂಡವರು ಹೊರಗಿನ ಹೆದ್ದಾರಿಗಳನ್ನು ಸುತ್ತಿ, ದಕ್ಷಿಣದ ಸ್ಪ್ರಿಂಗ್‌ಡೇಲ್ ದ್ವಾರದಿಂದ ಬರಬೇಕು. ಫೋನಿನಲ್ಲಿರುವ ಸಾಮಾನ್ಯ ನಕ್ಷೆಗೆ ವಾಹನದ ಎತ್ತರ ಗೊತ್ತಿರುವುದಿಲ್ಲವಾದ್ದರಿಂದ ಅದು ಸುರಂಗದ ದಾರಿಯನ್ನೇ ತೋರಿಸೀತು. ಅಳತೆಗಳನ್ನು ತುಂಬಿಸಿಕೊಂಡು ದಾರಿ ಹೇಳುವ, ಆರ್‌ವಿಗೆಂದೇ ತಯಾರಾದ ಜಿಪಿಎಸ್ ಉಪಕರಣ ಈ ಕಾರಣಕ್ಕಾಗಿ ಅಗತ್ಯ.

ಗ್ಲೇಸಿಯರ್‌ನ ನಿಯಮ ಇನ್ನೂ ಬಿಗಿ. ಅವಲಾಂಚ್ ತಂಗುದಾಣದಿಂದ ರೈಸಿಂಗ್ ಸನ್‌ವರೆಗಿನ ಎತ್ತರದ ಭಾಗದಲ್ಲಿ ಬಂಪರ್ ಸೇರಿ 21 ಅಡಿಗಿಂತ ಉದ್ದದ ಅಥವಾ ಕನ್ನಡಿಗಳೂ ಸೇರಿ 8 ಅಡಿಗಿಂತ ಅಗಲದ ವಾಹನಕ್ಕೆ ಪ್ರವೇಶವಿಲ್ಲ, ಮತ್ತು ಹಿಂದೆ ಎಳೆದುಕೊಂಡು ಬಂದದ್ದನ್ನೂ ಈ ಉದ್ದಕ್ಕೆ ಸೇರಿಸಿಯೇ ಲೆಕ್ಕ ಹಾಕಲಾಗುತ್ತದೆ. ಹೀಗಾಗಿ ಮಧ್ಯಮ ಗಾತ್ರದ ಕ್ಲಾಸ್ ಸಿ ವಾಹನಗಳಲ್ಲಿಯೂ ಹೆಚ್ಚಿನವು ಇಲ್ಲಿ ಹೊರಗೇ ಉಳಿಯುತ್ತವೆ. ಉದ್ಯಾನದ ಪಶ್ಚಿಮದಿಂದ ಪೂರ್ವಕ್ಕೆ ದೊಡ್ಡ ವಾಹನವನ್ನು ಸಾಗಿಸಬೇಕಾದವರಿಗೆ ದಕ್ಷಿಣದ ಅಂಚಿನಲ್ಲಿ ಹಾದುಹೋಗುವ ಯು.ಎಸ್. 2 ಹೆದ್ದಾರಿಯೇ ಗತಿ. 6,646 ಅಡಿ ಎತ್ತರದ ಲೋಗನ್ ಕಣಿವೆಮಾರ್ಗವನ್ನು ನೋಡಬೇಕೆಂದರೆ ಶಟಲ್ ಬಸ್ಸನ್ನೋ, 1930ರ ದಶಕದ ಕೆಂಪು ಪ್ರವಾಸಿ ಬಸ್ಸನ್ನೋ, ಚಿಕ್ಕ ಕಾರನ್ನೋ ಆಶ್ರಯಿಸಬೇಕು.

ಇಲ್ಲಿಂದ ಹುಟ್ಟುವ ಸೂತ್ರವೆಂದರೆ, ಮೋಟರ್‌ಹೋಮ್ ನೆಲೆಯಾಗಿರಬೇಕು, ಸುತ್ತಾಟದ ವಾಹನ ಬೇರೆಯಾಗಿರಬೇಕು. ಅನುಭವಿಗಳು ಒಂದು ಚಿಕ್ಕ ಕಾರನ್ನು ನಾಲ್ಕೂ ಚಕ್ರಗಳು ನೆಲದ ಮೇಲೆ ಉರುಳುವಂತೆ ಮೋಟರ್‌ಹೋಮಿನ ಹಿಂದೆ ಕಟ್ಟಿಕೊಂಡು ಹೋಗುತ್ತಾರೆ. ಅಮೆರಿಕದ ಆರ್‌ವಿ ಬಳಗದಲ್ಲಿ ಅಂಥ ಕಾರಿಗೆ ‘ಟೋಡ್’ ಎಂಬ ಹೆಸರಿದೆ. ಎಲ್ಲ ಕಾರುಗಳೂ ಹೀಗೆ ಎಳೆಸಿಕೊಳ್ಳಲು ತಕ್ಕವಲ್ಲ, ತಯಾರಕರ ಕೈಪಿಡಿ ಒಪ್ಪಿಗೆ ನೀಡಿರಬೇಕು. ಕಾರು ಕಟ್ಟಿಕೊಂಡ ಮೇಲೆ ಹಿಂದಕ್ಕೆ ತೆಗೆಯುವುದು ಅಸಾಧ್ಯಪ್ರಾಯವಾದ್ದರಿಂದ ತಪ್ಪು ತಿರುವಿನಲ್ಲಿ ಸಿಲುಕಿದವರು ಮೊದಲು ಕಾರನ್ನು ಬಿಚ್ಚಬೇಕಾಗುತ್ತದೆ. ಬಾಡಿಗೆಗೆ ಮೋಟರ್‌ಹೋಮ್ ಪಡೆದವರು ಉದ್ಯಾನದ ಸಮೀಪದ ಊರಿನಲ್ಲಿ ಎರಡು ದಿನಗಳಿಗೆ ಕಾರೊಂದನ್ನು ಬಾಡಿಗೆಗೆ ಹಿಡಿಯುವುದು ಮೇಲು. ಜಯಾನ್ ಕಣಿವೆಯಲ್ಲಂತೂ 2000ದಲ್ಲಿ ಶಟಲ್ ಬಸ್ಸುಗಳು ಬಂದ ಮೇಲೆ ಪ್ರವಾಸಿಗರು ಕಿಕ್ಕಿರಿಯುವ ತಿಂಗಳುಗಳಲ್ಲಿ ಖಾಸಗಿ ವಾಹನಗಳು ಸಾಮಾನ್ಯವಾಗಿ ಒಳಗೆ ಹೋಗುವಂತಿಲ್ಲವಾದ್ದರಿಂದ, ಅಲ್ಲಿ ದೊಡ್ಡ ವಾಹನದವರೂ ಚಿಕ್ಕ ವಾಹನದವರೂ ಒಂದೇ ಬಸ್ಸಿನ ಪ್ರಯಾಣಿಕರು.

ರಾತ್ರಿ ತಂಗುವ ಜಾಗವನ್ನು ಆಯ್ದುಕೊಳ್ಳುವಾಗ ಹುಕಪ್ ಎಂಬ ವ್ಯವಸ್ಥೆಯನ್ನು ತಿಳಿದಿರಬೇಕು. ನಿಲುಗಡೆಯಲ್ಲಿಯೇ ನೀರಿನ ನಲ್ಲಿ, ವಿದ್ಯುತ್ ಕಂಬ, ಕೊಳಚೆ ಕೊಳವೆ ಇದ್ದರೆ ಅದು ಪೂರ್ಣ ಹುಕಪ್; ರಾಷ್ಟ್ರೀಯ ಉದ್ಯಾನಗಳೊಳಗೆ ಇದು ಅಪರೂಪ. ಯೆಲ್ಲೋಸ್ಟೋನಿನಂಥ ವಿಶಾಲ ಉದ್ಯಾನದಲ್ಲಿ ಮೂರೂ ಸೌಕರ್ಯಗಳಿರುವುದು ಫಿಷಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕಿನಲ್ಲಿ ಮಾತ್ರ. ಗ್ರಿಜ್ಲಿ ಕರಡಿಗಳು ಓಡಾಡುವ ನೆಲೆಯಾದ್ದರಿಂದ ಅಲ್ಲಿ ಬಟ್ಟೆಯ ಡೇರೆಗೆ ಅವಕಾಶವಿಲ್ಲದೆ ಗಟ್ಟಿ ಗೋಡೆಯ ವಾಹನಗಳಿಗಷ್ಟೇ ಪ್ರವೇಶವಿದೆ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಲ್ಲಿ ಟ್ರೇಲರ್ ವಿಲೇಜ್ ಎಂಬಲ್ಲಿ 50 ಅಡಿಯವರೆಗಿನ ವಾಹನಗಳಿಗೆ ಪೂರ್ಣ ಹುಕಪ್ ಉಂಟು, ಪಕ್ಕದ ಮ್ಯಾದರ್ ಕ್ಯಾಂಪ್‌ಗ್ರೌಂಡಿನಲ್ಲಿ ಮಿತಿ 30 ಅಡಿ. ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್‌ನಲ್ಲಿ ಆರ್‌ವಿಗೆ ಗರಿಷ್ಠ ಮಿತಿ 35 ಅಡಿ, ಲೋವರ್ ಮತ್ತು ನಾರ್ತ್ ಪೈನ್ಸ್‌ನಲ್ಲಿ 40 ಅಡಿ. ಅದೂ ಕೆಲವೇ ನಿಲುಗಡೆಗಳಲ್ಲಿ, ಹುಕಪ್ ಇಲ್ಲದೆ. ತಂಗುದಾಣದ ಗರಿಷ್ಠ ಮಿತಿಯನ್ನು ನೋಡಿ ಸಮಾಧಾನಪಡದೆ, ಕಾಯ್ದಿರಿಸುತ್ತಿರುವ ಆ ಒಂದು ನಿಲುಗಡೆಯ ಉದ್ದವನ್ನೇ ಪರಿಶೀಲಿಸಬೇಕು.

ಹುಕಪ್ ಇದ್ದರೂ ವಿದ್ಯುತ್ತಿನ ಲೆಕ್ಕ ತಪ್ಪಬಾರದು. 30 ಆಂಪ್ ಸಂಪರ್ಕ 120 ವೋಲ್ಟ್‌ನಲ್ಲಿ 3,600 ವಾಟ್ ಕೊಡುತ್ತದೆ. 50 ಆಂಪ್ ಸಂಪರ್ಕದಲ್ಲಿ ಎರಡು ತಂತಿಗಳು ಪ್ರತ್ಯೇಕವಾಗಿ 50 ಆಂಪ್ ಹೊರುವುದರಿಂದ 12,000 ವಾಟ್ ದೊರೆಯುತ್ತದೆ. ಎರಡು ಏಸಿಗಳಿರುವ ದೊಡ್ಡ ವಾಹನವನ್ನು 30 ಆಂಪ್ ಕಂಬಕ್ಕೆ ಜೋಡಿಸಿ, ಎರಡನ್ನೂ ಓಡಿಸುತ್ತಲೇ ಮೈಕ್ರೋವೇವ್ ಹಚ್ಚಿದರೆ ಬ್ರೇಕರ್ ಬೀಳುವುದು ಖಚಿತ. ಹುಕಪ್ ಇಲ್ಲದ ಕಡೆ ಜನರೇಟರೇ ಆಧಾರ, ಆದರೆ ಅದನ್ನು ಓಡಿಸಲು ಹೊತ್ತು ಗೊತ್ತುಮಾಡಲಾಗಿದೆ: ಯೊಸೆಮಿಟಿಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಲಾ ಎರಡು ಗಂಟೆ ಮಾತ್ರ. ಕಾಡಿನ ಮೌನವನ್ನು ಅರಸಿ ಬಂದ ಡೇರೆಯ ನೆರೆಯವರನ್ನು ನೆನೆದರೆ ಈ ನಿರ್ಬಂಧ ಹೆಚ್ಚೇನಲ್ಲ.

ನೀರಿನ ವಿಷಯ ಇದಕ್ಕಿಂತ ಸೂಕ್ಷ್ಮ. ಮೋಟರ್‌ಹೋಮಿನಲ್ಲಿ ಶುದ್ಧ ನೀರಿಗೊಂದು, ಸ್ನಾನ ಹಾಗೂ ಪಾತ್ರೆ ತೊಳೆದ ನೀರಿಗೊಂದು, ಶೌಚಕ್ಕೊಂದು ಹೀಗೆ ಮೂರು ಟ್ಯಾಂಕುಗಳಿರುತ್ತವೆ. ಎರಡನೆಯದನ್ನು ಗ್ರೇ, ಮೂರನೆಯದನ್ನು ಬ್ಲ್ಯಾಕ್ ಟ್ಯಾಂಕ್ ಎನ್ನುತ್ತಾರೆ. ಕುಟುಂಬವೊಂದರ ಪಯಣದಲ್ಲಿ ಮೊದಲು ತುಂಬುವುದು ಸಾಮಾನ್ಯವಾಗಿ ಗ್ರೇ ಟ್ಯಾಂಕ್, ಅದರಲ್ಲಿಯೂ ಮೂರು ಹೊತ್ತು ಬಿಸಿ ಅಡುಗೆ ಮಾಡಿ, ಕುಕ್ಕರು ಬಾಣಲೆಗಳನ್ನು ಧಾರಾಳವಾಗಿ ತೊಳೆಯುವ ಮನೆಗಳಲ್ಲಿ ಅದು ಎಣಿಸಿದ್ದಕ್ಕಿಂತ ಬೇಗ ತುಂಬುತ್ತದೆ. ಇವನ್ನು ಬರಿದುಮಾಡುವ ಗೊತ್ತಾದ ಜಾಗಕ್ಕೆ ಡಂಪ್ ಸ್ಟೇಷನ್ ಎಂದು ಹೆಸರು. ಅಲ್ಲಿ ಕೈಗವಸು ತೊಟ್ಟು, ಕೊಳವೆಯ ಒಂದು ತುದಿಯನ್ನು ವಾಹನಕ್ಕೆ, ಇನ್ನೊಂದನ್ನು ನೆಲದ ಗುಂಡಿಗೆ ಭದ್ರವಾಗಿ ಕೂರಿಸಿ, ಮೊದಲು ಬ್ಲ್ಯಾಕ್ ಟ್ಯಾಂಕಿನ ಕವಾಟವನ್ನು ಎಳೆಯಬೇಕು. ಅದು ಪೂರ್ತಿ ಬರಿದಾದ ಮೇಲೆ ಗ್ರೇ ಟ್ಯಾಂಕನ್ನು ಬಿಟ್ಟರೆ ಸಾಬೂನಿನ ನೀರು ಹರಿದು ಕೊಳವೆ ತಾನಾಗಿ ತೊಳೆದುಹೋಗುತ್ತದೆ. ಕ್ರಮ ತಿರುಗುಮುರುಗಾದರೆ ಆ ಕೊಳವೆಯನ್ನು ಮಡಚಿಡುವ ಕೆಲಸ ಅಸಹ್ಯವಾಗುತ್ತದೆ.

ನಿಲುಗಡೆಯೊಳಕ್ಕೆ ಹಿಮ್ಮುಖವಾಗಿ ಬರುವುದೂ ಕಲಿತೇ ಬರಬೇಕಾದ ವಿದ್ಯೆ. ಕ್ಲಾಸ್ ಎ ವಾಹನದಲ್ಲಿ ಹಿಂದಿನ ಚಕ್ರದಾಚೆಗೂ ಹಲವು ಅಡಿ ಒಡಲು ಚಾಚಿಕೊಂಡಿರುವುದರಿಂದ, ಸರಿಹೊಂದಿಸಿಕೊಳ್ಳಲು ಮುಂದಕ್ಕೆ ಸಾಗುತ್ತ ಚಾಲಕ ಎಡಕ್ಕೆ ತಿರುಗಿಸಿದಾಗ ಬಾಲ ಬಲಕ್ಕೆ ಬೀಸುತ್ತದೆ ಮತ್ತು ಬಲಗಡೆಯ ಮರವನ್ನೋ ವಿದ್ಯುತ್ ಕಂಬವನ್ನೋ ಸವರುತ್ತದೆ. ಒಬ್ಬರು ಕೆಳಗಿಳಿದು, ಚಾಲಕನ ಕನ್ನಡಿಯಲ್ಲಿ ಸದಾ ಕಾಣುವಂತೆ ಹಿಂದೆ ನಿಂತು, ಮೊದಲೇ ಗೊತ್ತುಮಾಡಿಕೊಂಡ ಕೈಸನ್ನೆಗಳಿಂದ ದಾರಿ ತೋರಬೇಕು. ನೆಲದ ಜೊತೆಗೆ ಮೇಲಿನ ಕೊಂಬೆಯನ್ನೂ ನೋಡುತ್ತಿರಬೇಕು.

ಕಾಲದ ಆಯ್ಕೆಯಲ್ಲಿ ಹಿಮದ್ದೇ ಕೊನೆಯ ಮಾತು. ಗೋಯಿಂಗ್ ಟು ದ ಸನ್ ರಸ್ತೆ ಪೂರ್ತಿಯಾಗಿ ತೆರೆಯುವುದು ಸಾಮಾನ್ಯವಾಗಿ ಜೂನ್ ಕೊನೆಯಿಂದ ಜುಲೈ ನಡುವೆ. ಯೆಲ್ಲೋಸ್ಟೋನಿನ ಹೆಚ್ಚಿನ ರಸ್ತೆಗಳು ನವೆಂಬರಿನಿಂದ ಏಪ್ರಿಲ್‌ವರೆಗೆ ಕಾರುಗಳಿಗೆ ಮುಚ್ಚಿರುತ್ತವೆ. ಅಲ್ಲಿ 8ರ ಅಂಕಿಯಂತೆ ಸುತ್ತುವ 142 ಮೈಲಿಯ ಗ್ರ್ಯಾಂಡ್ ಲೂಪ್ ರಸ್ತೆಯ ಗರಿಷ್ಠ ವೇಗ ಗಂಟೆಗೆ 45 ಮೈಲಿಯಾದರೂ, ಕಾಡೆಮ್ಮೆಯಂಥ ಬೈಸನ್ ಹಿಂಡು ರಸ್ತೆಗಿಳಿದರೆ ಸಾಲುಗಟ್ಟಿ ಕಾಯುವುದು ಅನಿವಾರ್ಯ. ದೊಡ್ಡ ವಾಹನ ಓಡಿಸುವವರು ದಿನಕ್ಕೆ 200 ಮೈಲಿಗಿಂತ ಹೆಚ್ಚಿನ ದೂರವನ್ನು ಗೊತ್ತುಮಾಡಿಕೊಳ್ಳದೆ, ಬೆಳಕಿರುವಾಗಲೇ ತಂಗುದಾಣ ಸೇರುವುದು ಉತ್ತಮ. ಯೊಸೆಮಿಟಿ ಕಣಿವೆಯ ತಂಗುದಾಣಗಳ ಕಾಯ್ದಿರಿಸುವಿಕೆ ಐದು ತಿಂಗಳು ಮೊದಲೇ, ತಿಂಗಳ 15ರಂದು ತೆರೆದು ನಿಮಿಷಗಳಲ್ಲಿ ಮುಗಿಯುವುದರಿಂದ, ಬೇಸಿಗೆಯ ಪಯಣದ ಯೋಜನೆ ಚಳಿಗಾಲದಲ್ಲೇ ಸಿದ್ಧವಿರಬೇಕು.

ಮಕ್ಕಳ ಮನೆಗೆಂದು ಕರ್ನಾಟಕದಿಂದ ಅಮೆರಿಕಕ್ಕೆ ಹೋಗುವ ತಂದೆತಾಯಿಗಳನ್ನು ಇಂಥ ಪಯಣಕ್ಕೆ ಕರೆದೊಯ್ಯುವ ಕುಟುಂಬಗಳು ಹೊಸ ಶುಲ್ಕವನ್ನೂ ಗಮನಿಸಬೇಕು. 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ತುಂಬಿದ ಪ್ರತಿಯೊಬ್ಬರೂ ಯೆಲ್ಲೋಸ್ಟೋನ್, ಯೊಸೆಮಿಟಿ, ಗ್ರ್ಯಾಂಡ್ ಕ್ಯಾನ್ಯನ್, ಜಯಾನ್, ಗ್ಲೇಸಿಯರ್ ಸೇರಿದಂತೆ ಹನ್ನೊಂದು ಉದ್ಯಾನಗಳಲ್ಲಿ ಸಾಮಾನ್ಯ ಪ್ರವೇಶ ಶುಲ್ಕದ ಮೇಲೆ ತಲಾ 100 ಡಾಲರ್ ಕೊಡಬೇಕಾಗಿದೆ. ನಿವಾಸಿಗಳ ವಾರ್ಷಿಕ ಪಾಸ್ 80 ಡಾಲರ್ ಆಗಿದ್ದರೆ, ನಿವಾಸಿಗಳಲ್ಲದವರದು 250 ಡಾಲರ್. ಎರಡು ಮೂರು ಉದ್ಯಾನಗಳನ್ನು ನೋಡುವ ಉದ್ದೇಶವಿದ್ದರೆ ಆ ಪಾಸನ್ನು ಕೊಳ್ಳುವುದೇ ಲಾಭ.

ಪಯಣ ನಿಶ್ಚಯಿಸಿದವರು ಬಾಡಿಗೆ ಕಂಪನಿಯ ಕರಪತ್ರದಲ್ಲಿನ ಅಂಕಿಯನ್ನು ನಂಬಿಕೊಳ್ಳದೆ, ಹಿಂದಿನ ಬಂಪರ್, ಸೈಕಲ್ ಹೊರುವ ಚೌಕಟ್ಟು, ಚಾವಣಿಯ ಮೇಲಿನ ಏಸಿ, ಪಕ್ಕದ ಕನ್ನಡಿ ಎಲ್ಲವನ್ನೂ ಸೇರಿಸಿ ಟೇಪು ಹಿಡಿದು ವಾಹನವನ್ನು ತಾವೇ ಅಳೆಯಲಿ. ಆ ಅಳತೆಗಳನ್ನು ಚೀಟಿಯಲ್ಲಿ ಬರೆದು ಚಾಲಕನ ಕಣ್ಣೆದುರು ಅಂಟಿಸಲಿ. ಮುಂಗಡ ಹಣ ಕಟ್ಟುವ ಮೊದಲು ಉದ್ಯಾನದ ಕಚೇರಿಗೆ ಒಂದು ದೂರವಾಣಿ ಕರೆ ಮಾಡಿ, ಆ ವರ್ಷದ ನಿಯಮವನ್ನು ಕೇಳಿ ತಿಳಿದುಕೊಳ್ಳಲಿ.