ಹಳ್ಳದಂಚಿನ ಲಕ್ಕಿ: ಮರಳಿ ಬರಬೇಕಾದ ಮನೆಯ ಗಿಡ

ನಮ್ಮ ಹಳ್ಳಿಗಳಲ್ಲಿ ಲಕ್ಕಿ ಗಿಡವನ್ನು ಅರಿಯದ ಮನೆ ಒಂದು ಕಾಲಕ್ಕೆ ಅಪರೂಪವಾಗಿತ್ತು. ಬಾಣಂತಿಯ ಸ್ನಾನದ ನೀರಿಗೆ ಅದರ ಸೊಪ್ಪು, ಸೊಳ್ಳೆಯ ಕಾಟಕ್ಕೆ ಅದರ ಹೊಗೆ, ಕಾಳು ತುಂಬಿದ ವಾಡೆಗೆ ಅದರ ಒಣ ಎಲೆ, ತಲೆನೋವಿಗೆ ಅದರ ಎಲೆ ತುಂಬಿದ ದಿಂಬು. ಇಷ್ಟೆಲ್ಲ ಉಪಕಾರವನ್ನು ಕಾಸಿನ ಖರ್ಚಿಲ್ಲದೆ ಮಾಡುತ್ತಿದ್ದ ಈ ಗಿಡವು ಹಿತ್ತಲಿನಿಂದಲೂ ಹಳ್ಳದ ದಂಡೆಯಿಂದಲೂ ಮರೆಯಾಗುತ್ತಿರುವುದು ಕೇವಲ ಒಂದು ಗಿಡದ ಕಥೆಯಲ್ಲ. ಅದು ನಮ್ಮ ನೆಲ ಮತ್ತು ನೀರಿನ ಕಥೆಯೂ ಹೌದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳು 2007ರಲ್ಲಿ ಪ್ರತ್ಯೇಕ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ಹೆಸರು ಯಾವುದಾದರೂ ಇದು ಬಂಡೆಗಳ ನಾಡು. ಬಂಡೆಯ ಮೇಲೆ ಬಿದ್ದ ಮಳೆ ನಿಲ್ಲದೆ ಹಳ್ಳಕ್ಕೆ ಧುಮುಕುತ್ತದೆ. ಅರ್ಕಾವತಿಯು ಮಾಗಡಿಯ ಮಂಚನಬೆಲೆಯನ್ನು ದಾಟಿ, ರಾಮನಗರ, ಕನಕಪುರಗಳ ಮೂಲಕ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಚನ್ನಪಟ್ಟಣದ ಕಣ್ವಾ ನದಿಯು ಶಿಂಷೆಯನ್ನು ಸೇರುತ್ತದೆ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆಯೇ ನೀರು ಹರಿದು ವಾಹನಗಳು ಸಿಕ್ಕಿಕೊಂಡುದನ್ನು ನಾವು ಮರೆತಿಲ್ಲ. ಅಂತಹ ನೀರು ಹಳ್ಳದಂಚಿನ ಹೊಲವನ್ನು ಕೊಚ್ಚಿಕೊಂಡು ಹೋದಾಗ, ತಲೆಮಾರುಗಳಿಂದ ಗೊಬ್ಬರ ಹಾಕಿ ಹದಗೊಳಿಸಿದ ಮೇಲ್ಮಣ್ಣು ಒಂದೇ ರಾತ್ರಿಯಲ್ಲಿ ಕೈಬಿಡುತ್ತದೆ.

ತೇವದ ನೆಲಕ್ಕೆ ಹೇಳಿಮಾಡಿಸಿದ ಪೊದೆ

ಸಂಸ್ಕೃತದಲ್ಲಿ ನಿರ್ಗುಂಡಿ ಎನಿಸಿಕೊಂಡ ಲಕ್ಕಿಯು ನಮ್ಮ ನಾಡಿನದೇ ಗಿಡ. ತಮಿಳರು ಇದನ್ನು ನೊಚ್ಚಿ ಎನ್ನುತ್ತಾರೆ. ಸಾಮಾನ್ಯವಾಗಿ ಎಂಟರಿಂದ ಹದಿನೈದು ಅಡಿ ಎತ್ತರ ಬೆಳೆಯುವ ಈ ಪೊದೆಯ ಎಲೆಯು ಅಂಗೈಯಂತೆ ಮೂರು ಅಥವಾ ಐದು ಬೆರಳುಗಳಾಗಿ ಹರಡಿರುತ್ತದೆ. ಮೇಲೆ ಹಸಿರು, ಕೆಳಗೆ ಬೂದುಬಿಳುಪು. ಹಳ್ಳ, ನಾಲೆ, ಗದ್ದೆಯ ಬದುಗಳ ತೇವದಲ್ಲಿ ಇದು ಸೊಗಸಾಗಿ ಬೆಳೆಯುತ್ತದೆ. ಕೆಲಕಾಲ ನೀರು ಮೇಲೆ ಹರಿದರೂ ಸಾಯದೆ, ಇಳಿದ ಮೇಲೆ ಮತ್ತೆ ಚಿಗುರುತ್ತದೆ. ಬೇರುಗಳು ದಂಡೆಯ ಮಣ್ಣನ್ನು ಹೆಣೆದು ಹಿಡಿಯುತ್ತವೆ. ಬುಡದ ಒತ್ತಾದ ಕೊಂಬೆಗಳು ನೀರಿನ ವೇಗವನ್ನು ತಗ್ಗಿಸುತ್ತವೆ.

ಕಾರ್ತಿಕ, ಮಾರ್ಗಶಿರಗಳ ಚಳಿಯಲ್ಲಿ ಬೆಟ್ಟದ ಹುಲ್ಲು ಒಣಗಿ ಕಂದುಬಣ್ಣಕ್ಕೆ ತಿರುಗುವಾಗ, ತೇವವಿರುವ ಕಡೆ ಲಕ್ಕಿಯು ಹಸಿರಾಗಿಯೇ ಇದ್ದು ನೀಲಿ–ನೇರಳೆಯ ಹೂಗೊಂಚಲುಗಳನ್ನು ಹೊತ್ತಿರುತ್ತದೆ. ಗಾಳಿ ಬೀಸಿದಾಗ ಎಲೆಗಳು ಮಗುಚಿ ಬೆಳ್ಳಿಯಂತೆ ಹೊಳೆಯುವುದು ನೋಡಲು ಚೆಂದ. ಜೇನುಹುಳುಗಳೂ ಚಿಟ್ಟೆಗಳೂ ಆ ಹೂವಿಗೆ ಮುತ್ತುತ್ತವೆ. ಪಿಕಳಾರ, ಟುವ್ವಿಯಂತಹ ಸಣ್ಣ ಹಕ್ಕಿಗಳಿಗೆ ಪೊದೆಯ ಒಳಗು ಆಶ್ರಯ. ಜೇನು ಉಳಿದರೆ ನಮ್ಮ ಸೌತೆ, ಕುಂಬಳ, ಹುಚ್ಚೆಳ್ಳುಗಳ ಫಸಲೂ ಉಳಿಯುವುದೆಂಬುದನ್ನು ರೈತರಿಗೆ ಹೇಳಬೇಕಿಲ್ಲ.

ಇಂತಹ ಗಿಡದ ಜಾಗವನ್ನು ಹೊರದೇಶದಿಂದ ಬಂದ ಲಂಟಾನವು ಎಷ್ಟೋ ಕಡೆ ಆಕ್ರಮಿಸಿದೆ. ಉಳಿದುದನ್ನು ಹಳ್ಳ ‘ಸ್ವಚ್ಛ’ಗೊಳಿಸುವ ಯಂತ್ರಗಳು ಬೇರುಸಹಿತ ಕೀಳುತ್ತಿವೆ. ಬೋಳಾದ ದಂಡೆ ಮುಂದಿನ ಮಳೆಗೆ ಕುಸಿಯುತ್ತದೆ. ಆಗ ಕಾಂಕ್ರೀಟಿನ ಗೋಡೆ ಬೇಕೆನ್ನುತ್ತೇವೆ.

ಬೆಳೆಸುವ ಬಗೆ

ಬೀಜಕ್ಕಿಂತ ಕಡ್ಡಿಯಿಂದ ಬೆಳೆಸುವುದು ಸುಲಭ. ಮುಂಗಾರು ಹಿಡಿದ ಮೇಲೆ, ಬಲಿತ ಕೊಂಬೆಯಿಂದ ಒಂದು ಗೇಣು ಉದ್ದದ, ಮೂರು–ನಾಲ್ಕು ಗಿಣ್ಣುಗಳುಳ್ಳ ತುಂಡುಗಳನ್ನು ಓರೆಯಾಗಿ ಕತ್ತರಿಸಿ, ಎರಡು ಗಿಣ್ಣು ಮಣ್ಣಿನೊಳಗೆ ಇರುವಂತೆ ನೆಡಬೇಕು. ಬೇಲಿಗಾದರೆ ಒಂದೂವರೆ ಅಡಿಗೊಂದು ಸಾಕು. ಹಳ್ಳದ ದಂಡೆಗಾದರೆ ಎರಡು ಸಾಲು ಮಾಡಿ, ಮೊದಲ ಸಾಲಿನ ಸಂದಿಗೆ ಎರಡನೆಯ ಸಾಲಿನ ಗಿಡ ಬರುವಂತೆ ನೆಡುವುದು ಮೇಲು. ದನಕುರಿಗಳು ಇದಕ್ಕೆ ಸಾಮಾನ್ಯವಾಗಿ ಬಾಯಿ ಹಾಕವು. ಕಾವಲಿನ ಚಿಂತೆ ಕಡಿಮೆ. ವರ್ಷಕ್ಕೊಮ್ಮೆ ಸವರಿದರೆ ಪೊದೆ ಒತ್ತಾಗುತ್ತದೆ.

ಕೆಲವು ಎಚ್ಚರಿಕೆಗಳೂ ಅಗತ್ಯ. ವರ್ಷವಿಡೀ ನೀರು ನಿಲ್ಲುವ ಜೌಗಿನಲ್ಲಿ ಇದನ್ನು ನೆಡಬಾರದು. ಕೆರೆಯ ಏರಿಯ ಮೇಲೂ ಬೇಡ. ಸತ್ತ ಬೇರಿನ ಜಾಡಿನಲ್ಲಿ ನೀರು ದಾರಿ ಮಾಡಿಕೊಂಡೀತು. ಲಕ್ಕಿಯ ಕಷಾಯವನ್ನು ಹಿಪ್ಪುನೇರಳೆ ಸೊಪ್ಪಿಗೆ ಸಿಂಪಡಿಸುವ ಸಾಹಸ ಬೇಡ. ಬೇರೆ ಕೀಟಗಳಿಗೆ ಸೇರದ್ದು ರೇಷ್ಮೆ ಹುಳುವಿಗೂ ಸೇರದಿರಬಹುದು. ಗರ್ಭಿಣಿಯರೂ ಮಕ್ಕಳೂ ವೈದ್ಯರ ಸಲಹೆಯಿಲ್ಲದೆ ಇದನ್ನು ಔಷಧಿಯಾಗಿ ಸೇವಿಸಬಾರದು. ಇನ್ನು, ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿತೆಂಬ ಪ್ರತೀತಿಯ ವೃಷಭಾವತಿಯು ಮಹಾನಗರದ ಕೊಳಚೆಯನ್ನು ಹೊತ್ತು ಬೈರಮಂಗಲದ ಮೂಲಕ ಅರ್ಕಾವತಿಗೆ ಬಂದು ಸೇರುತ್ತಿದೆ. ಆ ಕೊಳಚೆಯನ್ನು ಯಾವ ಪೊದೆಯೂ ತೊಳೆಯಲಾರದು. ಅದು ಮೂಲದಲ್ಲಿಯೇ ಶುದ್ಧಿಯಾಗಬೇಕು. ಆದರೆ ನಮ್ಮೂರಿನ ಹಳ್ಳದ ದಂಡೆಯನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ಕಾಯಕದ ಗಿಡ

ಸವರಿದ ಲಕ್ಕಿ ಬರಲಿನಿಂದ ಬುಟ್ಟಿ, ಮಂಕರಿಗಳನ್ನು ಹೆಣೆಯುವ ರೂಢಿ ನಮ್ಮಲ್ಲಿತ್ತು. ಬಿದಿರಿನ ಬುಟ್ಟಿ ಹೆಣೆದು, ಬಂದುದನ್ನು ಜಂಗಮ ದಾಸೋಹಕ್ಕೆ ಸಲ್ಲಿಸಿದ ಮೇದಾರ ಕೇತಯ್ಯನವರ ಪರಂಪರೆ ನಮ್ಮದು. ಬುಟ್ಟಿಯ ಜಾಗಕ್ಕೆ ಪ್ಲಾಸ್ಟಿಕ್ಕಿನ ಮಂಕರಿ ಬಂದಾಗ ಕಳೆದುಹೋದುದು ಒಂದು ಗಿಡ ಮಾತ್ರವಲ್ಲ, ಒಂದು ಕಾಯಕವೂ ಹೌದು. ಚನ್ನಪಟ್ಟಣದ ಬೊಂಬೆಗಳಿಂದ ಹಾಲೆ ಮರಕ್ಕೆ ಕೀರ್ತಿ ಬಂದಂತೆ, ಲಕ್ಕಿಗೂ ಒಂದು ಉಪಯೋಗ ಉಳಿದಿದ್ದರೆ ಅದನ್ನು ಕಾಯುವವರೂ ಉಳಿಯುತ್ತಿದ್ದರು.

ತ್ರಿವಿಧ ದಾಸೋಹಿ ಶ್ರೀ ಶಿವಕುಮಾರ ಮಹಾಸ್ವಾಮಿಗಳು 1907ರಲ್ಲಿ ಜನಿಸಿದ ವೀರಾಪುರ ಇರುವುದು ಮಾಗಡಿ ತಾಲ್ಲೂಕಿನಲ್ಲಿ. ಆಲದ ಸಸಿಗಳನ್ನು ಮಕ್ಕಳಂತೆ ಸಾಕಿದ ಸಾಲುಮರದ ತಿಮ್ಮಕ್ಕನವರ ಹುಲಿಕಲ್ ಇರುವುದೂ ಅದೇ ತಾಲ್ಲೂಕಿನಲ್ಲಿ. ಅಂತಹ ನೆಲದಲ್ಲಿ ಬಾಳುವ ನಾವು ಬರುವ ಮುಂಗಾರಿನಲ್ಲಿ ಮನೆಗೆ ಹತ್ತು ಲಕ್ಕಿ ಕಡ್ಡಿಗಳನ್ನಾದರೂ ಹೊಲದಂಚಿನ ಹಳ್ಳಕ್ಕೆ, ಮಠದ ಹಿತ್ತಲಿಗೆ, ಶಾಲೆಯ ಬೇಲಿಗೆ ನೆಡೋಣ. ನೆಡುವಾಗ ಮಕ್ಕಳನ್ನೂ ಜೊತೆಗೆ ಕರೆದೊಯ್ಯೋಣ. ಗಿಡದ ಹೆಸರನ್ನು ಅವರು ಅಜ್ಜಿಯ ಬಾಯಿಂದ ಕೇಳಿ ಕಲಿಯಲಿ. ನೆಲ ಉಳಿದರೆ ತಾನೇ ಅನ್ನ, ಅನ್ನವಿದ್ದರೆ ತಾನೇ ದಾಸೋಹ!