ಹೋಟೆಲ್ ಪಾಯಿಂಟ್: ಕೊಠಡಿ ಉಚಿತ, ಊಟ ಸ್ವಂತ

ತುಂಗಭದ್ರಾ ಎಡದಂಡೆ ನಾಲೆಯ ನೀರಿನಿಂದ ಭತ್ತದ ವಹಿವಾಟು ಬೆಳೆದ ಸಿಂಧನೂರು, ಆರ್.ಎಚ್. ಕ್ಯಾಂಪ್ ಭಾಗದ ವರ್ತಕರಿಗೆ ಬೆಂಗಳೂರು, ಹೈದರಾಬಾದ್ ಪ್ರಯಾಣ ಹೊಸತಲ್ಲ. ಒಂದೇ ಸಮೂಹದ ಹೋಟೆಲ್‌ಗಳಲ್ಲಿ ತಂಗಿ ಸದಸ್ಯತ್ವ ಸಂಖ್ಯೆ ನೀಡಿದರೆ, ಪಾವತಿಸಿದ ಮೊತ್ತಕ್ಕೆ ತಕ್ಕಂತೆ ಪಾಯಿಂಟ್‌ಗಳು ಜಮೆಯಾಗುತ್ತವೆ. ಇವುಗಳಿಂದ ಕುಟುಂಬದ ರಜಾ ಪ್ರವಾಸ ಸಾಧ್ಯವೇ?

ಸಾಧ್ಯ, ಆದರೆ ಲೆಕ್ಕ ಎಚ್ಚರದಿಂದ ಹಾಕಬೇಕು. ಪಾಯಿಂಟ್ ಸಾಮಾನ್ಯವಾಗಿ ಕೊಠಡಿಯ ಬಾಡಿಗೆಯನ್ನಷ್ಟೇ ತೀರಿಸುತ್ತದೆ. ಕುಟುಂಬದ ಊಟ, ಹೆಚ್ಚುವರಿ ಹಾಸಿಗೆ, ವಾಹನದ ವೆಚ್ಚ ಕೈಯಿಂದಲೇ ಹೋಗುತ್ತದೆ. ಊಟೋಪಚಾರವೆಲ್ಲ ಸೇರಿದ ರೆಸಾರ್ಟ್‌ಗಳನ್ನು ಮ್ಯಾರಿಯಟ್, ಹಯಾತ್ ಸಮೂಹಗಳು ಪಾಯಿಂಟ್ ವ್ಯವಸ್ಥೆಗೆ ತಂದಿದ್ದರೂ ಅವು ಹೆಚ್ಚಾಗಿ ಮೆಕ್ಸಿಕೋ, ಕೆರಿಬಿಯನ್ ತೀರದಲ್ಲಿವೆ. ವಿಮಾನದ ದರವೇ ಉಳಿತಾಯವನ್ನು ನುಂಗುತ್ತದೆ.

ರಾಜ್ಯದಲ್ಲಿ 1980ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್, ದಾಂಡೇಲಿಯಂತಹ ತಾಣಗಳಲ್ಲಿ ವಸತಿ, ಊಟ ಸೇರಿಸಿ ತಲಾ ದರ ವಿಧಿಸುತ್ತದೆ. ಪಾಯಿಂಟ್ ಬಳಸಿದ ಮೇಲೂ ಉಳಿಯುವ ಒಟ್ಟು ಖರ್ಚನ್ನು ಈ ದರದೊಡನೆ ಹೋಲಿಸಿ ತೀರ್ಮಾನಿಸುವುದು ಲೇಸು.

ಮ್ಯಾರಿಯಟ್ ಬಾನ್‌ವಾಯ್ ಯೋಜನೆಯಲ್ಲಿ ಪಾಯಿಂಟ್‌ನಿಂದ ಐದು ರಾತ್ರಿ ಒಟ್ಟಿಗೆ ಕಾದಿರಿಸಿದರೆ ನಾಲ್ಕು ರಾತ್ರಿಯ ಪಾಯಿಂಟ್ ಸಾಕು. ಆದರೆ ಖಾತೆ 24 ತಿಂಗಳು ನಿಷ್ಕ್ರಿಯವಾದರೆ ಪಾಯಿಂಟ್‌ಗಳು ರದ್ದಾಗುತ್ತವೆ. ಹಳೆಯ ಭತ್ತಕ್ಕೆ ಬೆಲೆ ಏರಬಹುದು. ಹಳೆಯ ಪಾಯಿಂಟ್‌ಗೆ ಏರದು.