ದಿನಕ್ಕೆ ಎಷ್ಟು ನಡೆಯಬೇಕು?

ಪ್ರತಿ ವರ್ಷ ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದ ಸಾವಿರಾರು ಭಕ್ತರು ಕಾಲ್ನಡಿಗೆಯಲ್ಲಿ ಶ್ರೀಶೈಲಕ್ಕೆ ಹೊರಡುತ್ತಾರೆ. ರಾಯಚೂರು ಜಿಲ್ಲೆಯ ರಸ್ತೆಗಳಲ್ಲಿ ಅವರ ತಂಡಗಳು ಸಾಗುವುದನ್ನು ನೀವು ನೋಡಿರಬಹುದು. ಅವರಿಗೆ ನೀರು, ಮಜ್ಜಿಗೆ ಕೊಟ್ಟವರೂ ನಿಮ್ಮಲ್ಲಿರಬಹುದು. ಆದರೆ ಉಳಿದ ದಿನಗಳಲ್ಲಿ ನಾವು ಎಷ್ಟು ನಡೆಯುತ್ತೇವೆ? ಕೃಷ್ಣಾ ತೀರದ ಗೂಗಲ್‌ನಂಥ ಹಳ್ಳಿಯಲ್ಲಿಯೂ ಈಗ ಅಂಗಡಿಗೆ ಹೋಗಲು ಮೋಟಾರ್ ಸೈಕಲ್ ಬೇಕು. ವರ್ಷಕ್ಕೊಮ್ಮೆ ದೂರ ನಡೆದರೆ ಸಾಕೇ? ಅಥವಾ ದಿನವೂ ನಡೆಯಬೇಕೇ?

ಉತ್ತರ ನಮ್ಮ ಸ್ನಾಯುಗಳಲ್ಲಿಯೇ ಇದೆ. ನಡೆಯುವಾಗ ಕಾಲಿನ ದೊಡ್ಡ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಹೀರಿ ಶಕ್ತಿಯಾಗಿ ಬಳಸುತ್ತವೆ. ಮೀನಖಂಡಗಳು ಹಿಂಡಿದಂತೆ ಬಿಗಿದು ಸಡಿಲಗೊಂಡು ರಕ್ತವನ್ನು ಹೃದಯದ ಕಡೆಗೆ ಮೇಲಕ್ಕೆ ತಳ್ಳುತ್ತವೆ. ಈ ಚುರುಕು ಒಂದೆರಡು ದಿನ ಮಾತ್ರ ಉಳಿಯುತ್ತದೆ. ಆದ್ದರಿಂದ ನಡಿಗೆಯನ್ನು ಹಗೇವಿನ ಜೋಳದಂತೆ ವರ್ಷಕ್ಕಾಗುವಷ್ಟು ತುಂಬಿಡಲು ಬರುವುದಿಲ್ಲ. ಅದು ದಿನದ ರೊಟ್ಟಿಯಂತೆ, ಆಯಾ ದಿನವೇ ಆಗಬೇಕು.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಈ ಸಂಖ್ಯೆ ವೈದ್ಯರ ಸಂಶೋಧನೆಯಿಂದ ಹುಟ್ಟಿದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ನಡೆದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನವನ್ನು ಮಾರಾಟಕ್ಕೆ ತಂದು, ಅದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಅರ್ಥದ ಹೆಸರಿಟ್ಟಿತು. ಹೆಸರು ಜನರ ಬಾಯಲ್ಲಿ ನಿಂತಿತು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2025ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ವಯಸ್ಕರಿಗೆ ದಿನಕ್ಕೆ ಸುಮಾರು 7,000 ಹೆಜ್ಜೆಗಳಿಂದಲೇ ಬಹುಪಾಲು ಲಾಭ ದೊರೆಯುತ್ತದೆ. ಎರಡು ಸಾವಿರ ಹೆಜ್ಜೆ ನಡೆಯುವವರು ನಾಲ್ಕು ಸಾವಿರಕ್ಕೆ ಏರಿದರೂ ಪ್ರಯೋಜನವಿದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಸಲಹೆ ಇನ್ನೂ ಸರಳವಾದದ್ದು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆಯ ಬಿರುಸು ನಡಿಗೆ ಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೇಕು. ಇದರಲ್ಲಿ ಆಟ, ಓಟ, ಸೈಕಲ್ ತುಳಿಯುವುದು ಎಲ್ಲವೂ ಸೇರುತ್ತದೆ. ಬಿರುಸು ನಡಿಗೆ ಎಂದರೆ ಯಾವುದು? ನಡೆಯುತ್ತಾ ಮಾತನಾಡಲು ಬರಬೇಕು, ಹಾಡು ಹೇಳಲು ಬರಬಾರದು. ನಿಮಿಷಕ್ಕೆ ಸುಮಾರು ನೂರು ಹೆಜ್ಜೆ ಬಿದ್ದರೆ ಸರಿ.

ವಯಸ್ಸಿನಲ್ಲಿರುವ ನಮಗೇಕೆ ಈ ಚಿಂತೆ ಎನ್ನಬೇಡಿ. ಭಾರತದಲ್ಲಿ ಸುಮಾರು ಹತ್ತು ಕೋಟಿ ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ತಿಳಿಸಿತು. ಈ ಕಾಯಿಲೆ ನಮ್ಮ ದೇಶದವರಿಗೆ ಪಾಶ್ಚಾತ್ಯರಿಗಿಂತ ಚಿಕ್ಕ ವಯಸ್ಸಿನಲ್ಲಿಯೇ ಬರುತ್ತದೆ. ಇಂದು ಕೂತು ಬೆಳೆಸಿದ ಅಭ್ಯಾಸ ಮೂವತ್ತರ ನಂತರ ಲೆಕ್ಕ ಕೇಳುತ್ತದೆ.

ನಿಮ್ಮ ಮನೆಯನ್ನೇ ನೋಡಿ. ಹತ್ತಿ ಬಿಡಿಸಲು, ಭತ್ತದ ಗದ್ದೆಗೆ ಹೋಗುವ ತಾಯಿ-ತಂದೆಗೆ ಬೇರೆ ವಾಯುವಿಹಾರ ಬೇಕಾಗಲಿಕ್ಕಿಲ್ಲ. ಆದರೆ ಇಡೀ ದಿನ ಅಂಗಡಿಯ ಗಲ್ಲೆಯ ಮುಂದೆ ಕೂರುವ ಅಣ್ಣನಿಗೆ, ಪರೀಕ್ಷೆಗೆ ಓದುವ ನಿಮಗೆ ಬೇಕು. ಹಾಗೆಂದು ಒಂದೇ ಸಲಕ್ಕೆ ಮುಗಿಸಬೇಕಿಲ್ಲ. ಹತ್ತು ನಿಮಿಷದಂತೆ ಹಲವು ಸಲ ನಡೆದರೂ ಲೆಕ್ಕಕ್ಕೆ ಬರುತ್ತದೆ. ಊಟವಾದ ಮೇಲಿನ ಹತ್ತು ನಿಮಿಷ ವಿಶೇಷವಾಗಿ ಒಳ್ಳೆಯದು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಅಥವಾ ಹೊತ್ತಿಳಿದ ಮೇಲೆ ನಡೆಯಿರಿ. ಕಾಲುದಾರಿಯಿಲ್ಲದ ರಸ್ತೆಯಲ್ಲಿ ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಸಾಗಿ. ಎದೆ ನೋವು, ತಲೆ ಸುತ್ತು ಬಂದರೆ ನಿಂತು ವೈದ್ಯರನ್ನು ಕಾಣಿ.

ಇಂದೇ ಒಂದು ಪ್ರಯೋಗ ಮಾಡಿ. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಬಿರುಸಾಗಿ ನಡೆದು ಹೆಜ್ಜೆಗಳನ್ನು ಎಣಿಸಿ. ಅಂಥ ಹತ್ತು ನಿಮಿಷಗಳು ನಿಮ್ಮ ದಿನದಲ್ಲಿ ಎಷ್ಟಿವೆ ಎಂದು ಒಂದು ವಾರ ಬರೆದಿಡಿ. ನಿಮಗೆ ಇನ್ನೆಷ್ಟು ನಡಿಗೆ ಬೇಕೆಂಬುದನ್ನು ಆ ಲೆಕ್ಕವೇ ಹೇಳುತ್ತದೆ.